ಚಿಟ್ಟೆಗಳು ಮಲಗಿಲ್ಲ

ಮಕ್ಕಳಿಗೆ ಸಮಾಧಾನ ಹೇಳುವುದು ಸುಲಭ; ಹೇಳಿದ ಸಮಾಧಾನಕ್ಕೆ ಲೆಕ್ಕ ಒಪ್ಪಿಸುವುದು ಕಷ್ಟ. ಮೈಸೂರಿನ ಶ್ರೀಪತಿರಾಯರಿಗೆ ಇದು ಮನದಟ್ಟಾದದ್ದು ಕೊಯಮತ್ತೂರಿನಲ್ಲಿ.

ಬಂಧುಗಳ ಮದುವೆಗೆಂದು ಹೋಗಿದ್ದ ರಾಯರು, ಮರುದಿನ ಆರು ವರ್ಷದ ಮಗ ಪುಟ್ಟುವನ್ನು ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಕೀಟ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. 2018ರಲ್ಲಿ ಪ್ರಾರಂಭವಾದ ಆ ಸಂಗ್ರಹಾಲಯ ಕೀಟಗಳಿಗೆಂದೇ ಮೀಸಲು. ಮನೆಯಲ್ಲಿ ಜಿರಳೆ ಕಂಡರೆ ಮಂಚವೇರುವ ಹುಡುಗ, ಗಾಜಿನ ಈಚೆ ನಿಂತು ಮಹಾ ಧೈರ್ಯಶಾಲಿಯಾದ. ಒಂದೊಂದರ ಕಾಲುಗಳನ್ನೂ ಎಣಿಸಿದ, ಎಲ್ಲಕ್ಕೂ ಆರೇ. ಎಂಟು ಕಾಲಿನ ಜೇಡ ಕೀಟವೇ ಅಲ್ಲವೆಂದು ತಿಳಿದಾಗ, ಅದನ್ನು ಕುಲದಿಂದ ಹೊರಗಿಟ್ಟವರಾರೆಂದು ಮರುಗಿದ. ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಕೀಟಜಾತಿಗಳೇ ಸುಮಾರು 10 ಲಕ್ಷವೆಂದು ತಂದೆ ಹೇಳಿದರೆ, "ಅಷ್ಟು ಹೆಸರು ಜ್ಞಾಪಕ ಇಟ್ಟುಕೊಳ್ಳೋರು ಯಾರು?" ಎಂದ.

ಚಿಟ್ಟೆಗಳ ಪೆಟ್ಟಿಗೆಯ ಮುಂದೆ ಅವನ ಕಾಲು ನಿಂತಿತು. ರೆಕ್ಕೆ ಹರಡಿದ್ದ ಚಿಟ್ಟೆಗಳು. ಪ್ರತಿಯೊಂದರ ಎದೆಯಲ್ಲೂ ಒಂದು ಸೂಜಿ.

"ಇವು ಯಾಕಪ್ಪ ಹಾರೋದಿಲ್ಲ?"

"ಮಲಗಿವೆ, ಮಗು."

"ಹಾಗಾದರೆ ಏಳೋವರೆಗೂ ಇಲ್ಲೇ ಇರೋಣ."

ರಾಯರು ಕೈ ಹಿಡಿದೆಳೆದರು. ಹುಡುಗ ಕದಲಲಿಲ್ಲ.

"ಅಜ್ಜನೂ ಮಲಗಿದ್ದಾರೆ ಅಂದಿದ್ದಿರಿ. ಆಸ್ಪತ್ರೇಲಿ ಅವರಿಗೂ ಸೂಜಿ ಚುಚ್ಚಿದ್ದರು. ಅವರು ಏಳಲೇ ಇಲ್ಲವಲ್ಲ?"

ಅಜ್ಜ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಹಾಸಿಗೆ ಹಾಸುತ್ತಲೇ ಮಗ ಹಠ ಹಿಡಿಯುತ್ತಿದ್ದ. ದೀಪ ಆರಿಸಿದರೆ ಅಳುತ್ತಿದ್ದ. ತುಂಟತನವೆಂದು ಗದರಿದ್ದರು ರಾಯರು. ಅದರ ಕಾರಣ ಈಗ, ಪರವೂರಿನ ಗಾಜಿನ ಪೆಟ್ಟಿಗೆಯ ಮುಂದೆ, ಅವರಿಗೆ ಹೊಳೆಯಿತು.

ಅವರು ಮಗನ ಎದುರು ಕುಕ್ಕರಗಾಲಿನಲ್ಲಿ ಕುಳಿತರು.

"ಇವು ಮಲಗಿಲ್ಲ, ಪುಟ್ಟು, ಸತ್ತಿವೆ. ಅಜ್ಜನೂ ಸತ್ತುಹೋದರು. ಮಲಗಿದವರು ಬೆಳಗಾದರೆ ಏಳುತ್ತಾರೆ, ಸತ್ತವರು ಏಳುವುದಿಲ್ಲ. ಅಂದು ನಾನು ನಿನಗೆ ಸುಳ್ಳು ಹೇಳಿದೆ."

"ಸೂಜಿಯಿಂದ ಸತ್ತರಾ?"

"ಇಲ್ಲ. ಚಿಟ್ಟೆಗೆ ಸೂಜಿ ಚುಚ್ಚುವುದು ಸತ್ತ ಮೇಲೆ. ಅಜ್ಜನಿಗೆ ಚುಚ್ಚಿದ್ದು ಔಷಧ ಕೊಡುವುದಕ್ಕೆ."

ಹುಡುಗ ಅಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಸೂಜಿಯ ಕೆಳಗಿನ ಚೀಟಿಯಲ್ಲಿ ಏನು ಬರೆಯುತ್ತಾರೆಂದು ಕೇಳಿದ. ಕೀಟ ಸಿಕ್ಕಿದ ಊರು, ದಿನ, ಹಿಡಿದವರ ಹೆಸರು – ಇಷ್ಟನ್ನು ಬರೆದಿಡುವುದು ಕೀಟಶಾಸ್ತ್ರಜ್ಞರ ಪದ್ಧತಿ. ಎಲ್ಲಿಯದು, ಯಾವಾಗಿನದು ಎಂಬುದು ತಿಳಿಯದ ಕೀಟದಿಂದ ಶಾಸ್ತ್ರಕ್ಕೆ ಆಗುವ ಪ್ರಯೋಜನ ಅತ್ಯಲ್ಪ.

ಮೈಸೂರಿಗೆ ಮರಳಿದ ರಾತ್ರಿ ಪುಟ್ಟು ಒಂದು ತುಂಡು ಕಾಗದ ಬೇಡಿದ. ಸೊಟ್ಟ ಅಕ್ಷರಗಳಲ್ಲಿ 'ಅಜ್ಜ. ಮೈಸೂರು.' ಎಂದು ಬರೆದು, ಕೆಳಗೆ ತನ್ನ ಹೆಸರನ್ನೂ ಸೇರಿಸಿ, ಗೂಡಿನಲ್ಲಿದ್ದ ಅಜ್ಜನ ಕನ್ನಡಕದ ಕೆಳಗಿಟ್ಟ. ಅನಂತರ ತಾನಾಗಿ ಹೋಗಿ ಮಲಗಿದ. ಬಾಗಿಲ ಬಳಿ ನಿಂತಿದ್ದ ತಂದೆಗೆ, "ಬೆಳಗ್ಗೆ ಏಳುತ್ತೀನಿ, ದೀಪ ಆರಿಸಿ" ಎಂದ.