ಕೆರೆ ಅಂಗಳದ ಹಸಿರು

ಬಿ.ಎಸ್ಸಿ. ಓದುವಾಗ ಫ್ಯಾಸಿಯೋಲಾ ಹುಳುವಿನ ಜೀವನಚಕ್ರವನ್ನು ನಮ್ಮ ಗುಂಪಿನಲ್ಲಿ ಮೂವರು ಬಾಯಿಪಾಠ ಮಾಡಿದ್ದೆವು. ಬಾಣ ಹಾಕಿ ಚಿತ್ರ ಬರೆದರೆ ಮಾರ್ಕು ಗ್ಯಾರಂಟಿ. 1880ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಥಾಮಸ್, ಜರ್ಮನಿಯ ಲ್ಯೂಕಾರ್ಟ್ ಇದನ್ನು ಕಂಡುಹಿಡಿದರು ಎಂಬುದೂ ಗೊತ್ತಿತ್ತು. ಆ ಹುಳು ನಮ್ಮ ಮಡಕಶಿರಾ ಸೀಮೆಯ ಕೆರೆಯಲ್ಲೂ ಇರಬಹುದು ಅಂತ ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಕಳೆದ ಕ್ರಿಸ್ಮಸ್ ಗೋದಲಿಗೆ ಹುಲ್ಲು ಕೇಳಲು ನಮ್ಮ ಯುವಜನ ಗುಂಪಿನ ಹುಡುಗನೊಬ್ಬನ ಅಜ್ಜಿಯ ಮನೆಗೆ ಹೋಗಿದ್ದೆವು. ಅವರದು 26 ಕುರಿ. ಮೊಮ್ಮಗನ ಡಿಪ್ಲೊಮಾ ಫೀಸು ಬರುವುದು ಅದರಿಂದಲೇ. "ಎರಡು ಮೂರು ಕುರಿ ಹಿಂದೇನೇ ಉಳ್ಕಂತಾವೆ ಕಣ್ರಪ್ಪ. ನೀವು ಓದಿದೋರು, ಏನಂತ ನೋಡ್ರಿ" ಅಂದರು. ನಾವು ಜಂಬದಿಂದಲೇ ನೋಡಿದೆವು. ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ಹಿಕ್ಕೆಯನ್ನು ಡಬ್ಬಿಗೆ ಹಾಕಿ ಪಶು ಆಸ್ಪತ್ರೆಗೆ ಕೊಟ್ಟೆವು. ಮೊಟ್ಟೆ ಕಾಣಲಿಲ್ಲ ಅಂದರು. ನಾವು ಅಷ್ಟಕ್ಕೆ ನಿಲ್ಲಲಿಲ್ಲ. "ಹುಳ ಏನೂ ಇಲ್ಲಜ್ಜಿ, ಮೇವು ಸಾಲದು ಅಷ್ಟೇ. ಕೆರೆ ಅಂಗಳದಲ್ಲಿ ಹಸಿರು ಚೆನ್ನಾಗಿದೆಯಲ್ಲ, ಅಲ್ಲೇ ಬಿಡಿ" ಎಂದು ಹೇಳಿ ಬಂದೆವು.

ಜನವರಿ ಅರ್ಧ ಕಳೆಯುವಷ್ಟರಲ್ಲಿ ನಾಲ್ಕು ಕುರಿ ಸತ್ತವು. ನಾಲ್ಕನೆಯದನ್ನು ಡಾಕ್ಟರು ಕೊಯ್ದು ತೋರಿಸಿದರು. ಈಲಿಯ ತುಂಬ ರಕ್ತ ಕಟ್ಟಿದ ಗೆರೆಗಳು, ಹುಳು ಕೊರೆದುಕೊಂಡು ಹೋದ ದಾರಿ. ಒತ್ತಿದರೆ ಅಕ್ಕಿಕಾಳಿಗಿಂತ ಚಿಕ್ಕ ಚಪ್ಪಟೆ ಮರಿಹುಳುಗಳು ಹೊರಬಂದವು. ನಮ್ಮಲ್ಲೊಬ್ಬಳು ಮೆಲ್ಲಗೆ "ಇದು ಫ್ಯಾಸಿಯೋಲಾ" ಅಂದಳು. ಯಾರೂ ಮಾತಾಡಲಿಲ್ಲ.

ಚಿತ್ರದಲ್ಲಿ ಇದ್ದದ್ದನ್ನೇ ನಾವು ಮರೆತಿದ್ದೆವು. ಹುಲ್ಲಿನ ಜೊತೆ ಹೊಟ್ಟೆ ಸೇರಿದ ಮರಿಹುಳು ಕರುಳು ತೂರಿ ಈಲಿಗೆ ಹೋಗಿ, ಅದರ ಮಾಂಸವನ್ನು ಕೊರೆಯುತ್ತಾ ಬೆಳೆಯುತ್ತದೆ. ಪಿತ್ತನಾಳ ಸೇರಿ ಮೊಟ್ಟೆ ಇಡಲು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಹಿಕ್ಕೆಯಲ್ಲಿ ಏನು ಕಂಡೀತು? ಕುರಿ ಸಾಯುತ್ತಿದ್ದರೂ ಪರೀಕ್ಷೆಯಲ್ಲಿ 'ಇಲ್ಲ' ಎಂದೇ ಬರುತ್ತದೆ. ಇನ್ನೊಂದು ಮಾತನ್ನೂ ಡಾಕ್ಟರು ಹೇಳಿದರು: ಈ ಮೊಟ್ಟೆ ಭಾರ. ಬೇರೆ ಜಂತುವಿನ ಮೊಟ್ಟೆಯಂತೆ ಉಪ್ಪುನೀರಿನಲ್ಲಿ ತೇಲುವುದಿಲ್ಲ, ತಳಕ್ಕೆ ಇಳಿಸಿಯೇ ನೋಡಬೇಕು. ಡಬ್ಬಿ ಕೊಡುವಾಗ 'ಈಲಿ ಹುಳುವಿಗೂ ನೋಡಿ' ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಅಜ್ಜಿ ವರ್ಷವೂ ಕುಡಿಸುತ್ತಿದ್ದ ಆಲ್ಬೆಂಡಜೋಲ್ ಈಲಿ ಹುಳುಗಳಲ್ಲಿ ಬೆಳೆದವಕ್ಕೆ ಮಾತ್ರ ತಾಗುತ್ತದಂತೆ, ಮರಿಗಳಿಗಲ್ಲ. ಡಾಕ್ಟರು ಟ್ರೈಕ್ಲಾಬೆಂಡಜೋಲ್ ಬರೆದುಕೊಟ್ಟರು, ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ. ಕಣ್ಣಂದಾಜು ಬೇಡ ಅಂದಿದ್ದಕ್ಕೆ ಬೇವಿನ ಮರಕ್ಕೆ ತಕ್ಕಡಿ ಕಟ್ಟಿ ಒಂದೊಂದನ್ನೇ ತೂಗಿದೆವು. ಒದೆಸಿಕೊಳ್ಳದವರು ಯಾರೂ ಇಲ್ಲ! ಆಮೇಲೂ ಒಂದು ಸತ್ತಿತು. 21 ಉಳಿದವು.

ಆದರೆ ಔಷಧಿ ಕುರಿಯ ಹೊಟ್ಟೆಗೆ, ಕೆರೆಗಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಕೆರೆ ಅಂಗಳಕ್ಕೆ ಹೋದೆವು. ನೀರು ಹಿಂದೆ ಸರಿದ ಜಾಗದಲ್ಲಿ, ನಾವು ಹೊಗಳಿದ್ದ ಅದೇ ಹಸಿರಿನ ಬುಡದಲ್ಲಿ, ತೆಳು ಚಿಪ್ಪಿನ ಬಸವನಹುಳುಗಳು. ತುದಿ ಮೇಲೆ ಮಾಡಿ ಹಿಡಿದರೆ ಬಾಯಿ ಬಲಗಡೆಗೆ: ಲಿಮ್ನಿಯಾ. ಒಂದು ಮರಿ ಇದರೊಳಗೆ ಹೊಕ್ಕರೆ ನೂರಾರಾಗಿ ಹೊರಬಂದು ಹುಲ್ಲಿಗೆ ಅಂಟಿ ಕೂರುತ್ತವೆ. ಮೈಲುತುತ್ತ ಹಾಕೋಣ ಎಂದು ಒಬ್ಬ ಅಂದ. ಮೀನೂ ಸಾಯುತ್ತವೆ, ಬೇಡವೆಂದೆವು. ಊರಿನ ದನ, ಎಮ್ಮೆಗಳಲ್ಲೂ ಈ ಹುಳು ಇರಬಹುದು, ಹಾಗಾಗಿ ಒಬ್ಬರ ಮಂದೆಗೆ ಔಷಧಿ ಕುಡಿಸಿದರೆ ಕೆರೆ ಚೊಕ್ಕಟವಾಗುವುದಿಲ್ಲ. ಇದನ್ನು ಊರವರಿಗೆ ಹೇಳುವುದೇ ಕಷ್ಟವಾಗಿದೆ. ಕೆರೆ ಬಿಟ್ಟು ಮೇಯಿಸಿ ಅಂದರೆ, ಬೇಸಿಗೆಯಲ್ಲಿ ಬೇರೆ ಹಸಿರು ಎಲ್ಲಿದೆ ಎಂದು ಕೇಳುತ್ತಾರೆ. ಅವರ ಮಾತೂ ಸುಳ್ಳಲ್ಲ.

ಅಜ್ಜಿಯ ಹತ್ತಿರ ತಪ್ಪೊಪ್ಪಿಕೊಂಡೆವು. ಅವರು ಬೈದರು, ಬೈಯಲೇಬೇಕಿತ್ತು. ಆಮೇಲೆ ಕಾಫಿ ಕೊಟ್ಟರು. ಈಗ ಅವರ ಕುರಿ ಗುಡ್ಡದ ಕಡೆ ಮೇಯುತ್ತವೆ, ನೀರು ರೊಪ್ಪದ ಹತ್ತಿರ ತೊಟ್ಟಿಯಲ್ಲಿ. ಗುಡ್ಡ ದೂರ, ಅಜ್ಜಿಗೆ ಮಂಡಿನೋವು. ಶನಿವಾರ, ಭಾನುವಾರ ನಾವು ಸರದಿಯಲ್ಲಿ ಹೊಡೆದುಕೊಂಡು ಹೋಗುತ್ತೇವೆ. ಮುಂದಿನ ಹಿಕ್ಕೆಯ ಡಬ್ಬಿ ಏಪ್ರಿಲ್‌ನಲ್ಲಿ. ಮುಚ್ಚಳದ ಮೇಲೆ ಏನು ಬರೆಯಬೇಕೆಂದು ಈಗಲೇ ಚೀಟಿ ಅಂಟಿಸಿಟ್ಟಿದ್ದೇವೆ.