ಉಭಯ ಕುಶಲೋಪರಿ

ಕನ್ನಡದ ಹಳೆಯ ಕಾಗದಗಳು ‘ಉಭಯ ಕುಶಲೋಪರಿ’ ಎಂದೇ ಆರಂಭವಾಗುತ್ತಿದ್ದವು. ಕುಶಲವಿಲ್ಲದಾಗಲೂ ಆ ಮಾತು ತಪ್ಪುತ್ತಿರಲಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಕರಾವಳಿಯ ಹುಡುಗರು ಊರಿಗೆ ಬರೆಯುವಾಗ ಜ್ವರ, ಹಸಿವುಗಳನ್ನು ಅದರ ಮರೆಯಲ್ಲಿ ಅಡಗಿಸುತ್ತಿದ್ದರು. ಹಣ ಕಳುಹಿಸುವವನು ಕಷ್ಟವನ್ನು ಮುಚ್ಚಿಡುವುದು ಸಹಜ. ಆದರೆ ಪರರ ಕಾಣಿಕೆಯಿಂದ ಬದುಕುವವನು ಏನನ್ನು ಬರೆಯಬೇಕು?

ಇದೇ ನಗರದಲ್ಲಿ ಈ ಪ್ರಶ್ನೆಗೆ ಎದುರಾದವರು 1813ರ ಫೆಬ್ರವರಿಯಲ್ಲಿ ಬಂದಿಳಿದ ಅಮೆರಿಕದ ಮಿಶನರಿಗಳಾದ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುವೆಲ್ ನಾಟ್. 1810ರಲ್ಲಿ ಸ್ಥಾಪನೆಯಾದ ಅವರ ಸಂಸ್ಥೆಯು ಸಾಮಾನ್ಯ ಭಕ್ತರ ದೇಣಿಗೆಯನ್ನು ನಂಬಿತ್ತು. ಮಿಶನರಿಗಳ ಪತ್ರಗಳು ಬಾಸ್ಟನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಆ ಭಕ್ತರನ್ನು ತಲುಪುತ್ತಿದ್ದವು. ಬರೆಯಲು ಕಷ್ಟಗಳಿಗೇನೂ ಕೊರತೆಯಿರಲಿಲ್ಲ. ಕಂಪನಿ ಸರಕಾರವು ಮೊದಲು ಅವರಿಗೆ ದೇಶ ಬಿಡುವಂತೆ ಆಜ್ಞಾಪಿಸಿತು. 1815ರಲ್ಲಿ ನಾಟ್ ಅನಾರೋಗ್ಯದಿಂದ ಹಿಂದಿರುಗಿದನು. 1814ರಲ್ಲಿ ಬಂದು ಸೇರಿದ ಸ್ಯಾಮ್ಯುವೆಲ್ ನ್ಯೂವೆಲ್ 1821ರಲ್ಲಿ ಕಾಲರಾಕ್ಕೆ ಬಲಿಯಾದನು. 1826ರಲ್ಲಿ ನಾಸಿಕದ ಕಡೆಗೆ ಸಂಚಾರ ಹೋಗಿದ್ದ ಹಾಲ್‌ನನ್ನೂ ಅದೇ ರೋಗ ಕೊಂಡೊಯ್ದಿತು.

ನ್ಯೂವೆಲ್‌ನ ಪತ್ನಿ ಹ್ಯಾರಿಯೆಟ್ 1812ರಲ್ಲಿ, ಹಸುಗೂಸನ್ನು ಕಳೆದುಕೊಂಡ ಬೆನ್ನಲ್ಲೇ, ಮಾರಿಷಸ್ ದ್ವೀಪದಲ್ಲಿ ತೀರಿಕೊಂಡಾಗ ಆಕೆಗೆ ಕೇವಲ 19 ವರ್ಷ. ಆಕೆಯ ದಿನಚರಿ, ಪತ್ರಗಳು ಗ್ರಂಥರೂಪ ತಾಳಿ ಅಮೆರಿಕದಲ್ಲಿ ಅಪಾರ ಓದುಗರನ್ನು ಪಡೆದವು. ಸೂಕ್ಷ್ಮವಿರುವುದು ಇಲ್ಲಿಯೇ. ಮರಣದ ವಾರ್ತೆಯು ಸಹಾನುಭೂತಿಯನ್ನು ತರುತ್ತದೆ. ನಿಷ್ಫಲತೆಯ ವಾರ್ತೆಯಾದರೋ ಸಂಶಯವನ್ನು ತರುತ್ತದೆ. ಮೊದಲ ವರ್ಷಗಳಲ್ಲಿ ಮುಂಬಯಿಯಲ್ಲಿ ಮತಾಂತರಗೊಂಡವರು ಬೆರಳೆಣಿಕೆಯಷ್ಟೇ. ‘ಇಷ್ಟು ದುಡಿದೆವು, ಕೈಗೆ ಏನೂ ಬರಲಿಲ್ಲ’ ಎಂದು ದಾನಿಗಳಿಗೆ ತಿಳಿಸಲು ರೋಗವನ್ನು ವರ್ಣಿಸುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಇನ್ನೊಂದು ಪ್ರಾಮಾಣಿಕತೆಯೂ ಉಂಟು. ತಮ್ಮ ನೋವನ್ನು ನಿಷ್ಠೆಯಿಂದ ದಾಖಲಿಸಿದ ಅಂದಿನ ಮಿಶನರಿ ಬರಹಗಳು ಸುತ್ತಲಿನ ಜನರ ಪೂಜೆ ಪುನಸ್ಕಾರಗಳನ್ನು ಬಹುಮಟ್ಟಿಗೆ ಕತ್ತಲೆಯೆಂದೇ ಬಗೆದವು. ಕತ್ತಲೆ ದಟ್ಟವಾದಷ್ಟೂ ದೀಪಕ್ಕೆ ಎಣ್ಣೆ ಎರೆಯುವವರು ಹೆಚ್ಚುತ್ತಾರಷ್ಟೆ! ತನ್ನ ಕಷ್ಟದಲ್ಲಿ ಸತ್ಯವಂತನಾದವನು ನೆರೆಯವನ ವಿಷಯದಲ್ಲಿಯೂ ಹಾಗೆಯೇ ಇರುತ್ತಾನೆಂಬ ನಿಯಮವಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರೂ ದೂರದ ಸಮಿತಿಗೆ ವರದಿ ಒಪ್ಪಿಸಬೇಕಾದವರೇ. ಮೋಗ್ಲಿಂಗ್, ಕಿಟೆಲರ ಕಾಲವನ್ನು ಅಭ್ಯಸಿಸುವ ವಿದ್ಯಾರ್ಥಿಯು ಅಂತಹ ಬರಹಗಳಲ್ಲಿ ಬರೆದವನನ್ನಷ್ಟೇ ಅಲ್ಲ, ಓದಲಿದ್ದವನನ್ನೂ ಕಾಣಬೇಕು. ಕುಶಲವೆಂದು ಬರೆದ ಹೋಟೆಲಿನ ಹುಡುಗನೂ ಕಷ್ಟವೆಂದು ಬರೆದ ಪಾದ್ರಿಯೂ ಅದೇ ಓದುಗನ ಮುಖವನ್ನು ನೆನೆದೇ ಲೇಖನಿ ಹಿಡಿದವರು.