ಬಿಸಿಲ ಸೀಮೆಯ ಒದ್ದೆ ಗೋಡೆ

ಗೋಡೆ ಒದ್ದೆಯಾಗಿದೆ, ಬಟ್ಟೆಗೆ ಬೂಷ್ಟು ಹಿಡಿದಿದೆ ಎಂದು ಆಗುಂಬೆಯವರೋ ಸಕಲೇಶಪುರದವರೋ ಹೇಳಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಕುರೆಕುಪ್ಪದವರು ಹೇಳಿದರೆ ನಂಬುವವರು ಕಡಿಮೆ. ಸಂಡೂರು ತಾಲ್ಲೂಕಿನ ನಮ್ಮ ಊರು ತೋರಣಗಲ್ಲಿನ ಮಗ್ಗುಲಲ್ಲೇ ಇದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಒಗೆದು ಹರವಿದ ಪಂಚೆ ಊಟ ಮುಗಿಯುವಷ್ಟರಲ್ಲಿ ಒಣಗಿರುತ್ತದೆ. ಅಂಥ ಊರಿನಲ್ಲೂ ಡಿಸೆಂಬರ್ ಬಂತೆಂದರೆ ತಗಡಿನ ಮನೆಗಳು ಒಳಗಿನಿಂದ ಹನಿಯುತ್ತವೆ. ಜಡಿಮಳೆ ಹಿಡಿದ ದಿನ ಟೈಲ್ಸ್ ನೆಲ ಬೆವರುತ್ತದೆ. ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆ ಕಪ್ಪಾಗಿರುತ್ತದೆ. ಮಳೆಯೇ ಅಪರೂಪವಾದ ಸೀಮೆಯಲ್ಲಿ ಈ ನೀರು ಬಂದದ್ದೆಲ್ಲಿಂದ? ಬಹುಪಾಲು ನಾವೇ ಮನೆಯೊಳಗೆ ಮಾಡಿದ್ದು, ಹೊರಗೆ ಹೋಗಲು ದಾರಿ ಕೊಡದೆ ಕೂಡಿ ಹಾಕಿದ್ದು ಎಂಬುದು ನನ್ನ ಅನುಭವದ ಮಾತು.

ಅಡುಗೆ ಅನಿಲದ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಕಿಲೋ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಅದು ಖಾಲಿಯಾಗುವಷ್ಟರಲ್ಲಿ ಅಡುಗೆಮನೆಯ ಗಾಳಿಗೆ 22 ಲೀಟರಿನಷ್ಟು ನೀರು ಸೇರಿರುತ್ತದೆ. ಇದು ಒಲೆಯ ಜ್ವಾಲೆಯೊಂದರಿಂದಲೇ ಬಂದದ್ದು. ಅನ್ನ ಕುದಿದ ಹಬೆ, ಸ್ನಾನದ ಹಬೆ, ಒಳಗೇ ಹಗ್ಗ ಕಟ್ಟಿ ಒಣಗಿಸಿದ ಬಟ್ಟೆ, ಮಲಗಿದವರ ಉಸಿರು ಇವೆಲ್ಲ ಬೇರೆ. ಕಣ್ಣಿಗೆ ಕಾಣುವುದಿಲ್ಲವೆಂದು ನಾವು ಇದನ್ನು ನೀರೆಂದು ಎಣಿಸುವುದೇ ಇಲ್ಲ.

ಗಾಳಿ ಬೆಚ್ಚಗಿರುವಷ್ಟು ಹೊತ್ತು ಈ ನೀರನ್ನು ಹೊತ್ತುಕೊಂಡಿರುತ್ತದೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 15 ಡಿಗ್ರಿಗೆ ಇಳಿದರೆ ಅದರ ಶಕ್ತಿ 13 ಗ್ರಾಂಗೆ ಕುಗ್ಗುತ್ತದೆ. ಉಳಿದದ್ದನ್ನು ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗದ ಮೇಲೆ ಇಳಿಸಿಬಿಡುತ್ತದೆ. ಆ ಜಾಗ ಕಿಟಕಿಯ ಗಾಜಾಗಬಹುದು, ಬೀರುವಿನ ಹಿಂದಿನ ಮೂಲೆಯಾಗಬಹುದು. ನಮ್ಮ ಕಡೆ ಹೆಚ್ಚಾಗಿ ಅದು ತಗಡಿನ ಶೀಟು.

ಕಾರ್ಖಾನೆ, ಗಣಿ, ಲಾರಿಗಳ ಕೆಲಸಕ್ಕೆಂದು ದೂರದೂರಿಂದ ಬಂದವರು ಕುರೆಕುಪ್ಪ, ತೋರಣಗಲ್ಲಿನ ಬಾಡಿಗೆ ಕೋಣೆಗಳಲ್ಲಿ ಇದ್ದಾರೆ. ಹತ್ತಡಿ ಅಗಲ, ಹತ್ತಡಿ ಉದ್ದ, ಮೇಲೆ ಶೀಟು, ಇದ್ದರೆ ಒಂದು ಕಿಟಕಿ. ಅದೇ ಕೋಣೆಯಲ್ಲಿ ಅಡುಗೆ, ಅಲ್ಲೇ ನಾಲ್ಕು ಜನರ ನಿದ್ದೆ. ಹಗಲು ಕೆಂಪು ಧೂಳು ಬರುತ್ತದೆಂದು ಕಿಟಕಿ ಮುಚ್ಚುತ್ತಾರೆ, ಸಂಜೆ ಸೊಳ್ಳೆ, ರಾತ್ರಿ ಚಳಿ. ಚಳಿಗಾಲದ ಬೆಳಗಿನ ಜಾವ ಅಂಥ ಕೋಣೆಯಲ್ಲಿ ಟಾರ್ಚ್ ಬಿಟ್ಟು ಶೀಟಿನ ಒಳಮೈ ನೋಡಬೇಕು. ಮೋಡವಿಲ್ಲದ ರಾತ್ರಿ ತಗಡು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಮೊದಲು ಅದರ ಮೇಲೆ ಬರೀ ಮಬ್ಬು. ಆಮೇಲೆ ಸಾಸಿವೆ ಗಾತ್ರದ ಹನಿಗಳು. ಒಂದನ್ನೊಂದು ಕೂಡಿಕೊಂಡು ದಪ್ಪಗಾಗಿ, ಶೀಟಿನ ಅಲೆಯ ತಗ್ಗಿನಲ್ಲಿ ಜಾರುತ್ತಾ ಬಂದು, ಅಡ್ಡ ಪೈಪು ತಡೆದಲ್ಲಿ ನಿಂತು ತೊಟ್ಟಿಕ್ಕುತ್ತವೆ. ಶೀಟಿಗೆ ಅಂಟಿದ್ದ ಧೂಳನ್ನೂ ತೊಳೆದುಕೊಂಡು ಬರುವುದರಿಂದ ಹಾಸಿಗೆಯ ಮೇಲೆ ಬಿದ್ದ ಹನಿಯ ಕಲೆ ಕೆಂಪಗಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಬೇಕಾದ್ದು ಅದೇ ಹಾಸಿಗೆಯ ಮೇಲೆ. ಮಳೆಯೇ ಬಂದಿಲ್ಲ, ಶೀಟು ಸೋರುತ್ತಿದೆ ಎಂದು ಜನ ಮೇಲೆ ಹತ್ತಿ ಮೊಳೆಯ ತೂತಿಗೆ ಡಾಂಬರು ಹಚ್ಚುತ್ತಾರೆ. ತೂತು ಮುಚ್ಚಿದಷ್ಟೂ ಆವಿಗೆ ದಾರಿ ಕಡಿಮೆ, ಹನಿ ಹೆಚ್ಚು.

ನಮ್ಮ ಹಿರಿಯರ ಮೇಲ್ಮುದ್ದೆ ಮನೆ ಈ ವಿಷಯದಲ್ಲಿ ಬಹಳ ಜಾಣ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಮಣ್ಣು. ರೋಹಿಣಿ ಮಳೆಗೆ ಮುಂಚೆಯೇ ಚೌಳು ಮಣ್ಣು ತಂದು ಮಾಳಿಗೆಯ ಮೇಲೆ ಹರವಿ ತುಳಿಯುತ್ತಿದ್ದರು. ಆ ಮಣ್ಣಿನಲ್ಲಿರುವ ಸೋಡಿಯಂ ಉಪ್ಪಿನಿಂದ ಮೊದಲ ಮಳೆ ಬಿದ್ದೊಡನೆ ಜೇಡಿ ಉಬ್ಬಿ, ಸಂದುಗೊಂದು ಮುಚ್ಚಿ, ನೀರು ಕೆಳಗಿಳಿಯದಂತೆ ತಡೆಯುತ್ತದೆ. ಅಷ್ಟು ಮಣ್ಣಿನ ಮಾಳಿಗೆ ಒಂದು ರಾತ್ರಿಯಲ್ಲಿ ತಣ್ಣಗಾಗುವುದೂ ಇಲ್ಲ, ಆದ್ದರಿಂದ ಒಳಗೆ ಹನಿ ಕಟ್ಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಒಲೆಯ ನೆತ್ತಿಗೆ ಇರುತ್ತಿದ್ದ ಗವಾಕ್ಷಿ. ಹೊಗೆ ಹೋಗಲಿ, ಬೆಳಕು ಬರಲಿ ಎಂದು ಬಿಟ್ಟದ್ದು; ಹೊಗೆಯ ಜೊತೆಗೆ ಹಬೆಯೂ ಹೋಗುತ್ತಿತ್ತು. ಅನಿಲದ ಒಲೆ ಬಂದು ಹೊಗೆ ನಿಂತದ್ದು ಹೆಣ್ಣುಮಕ್ಕಳ ಕಣ್ಣಿಗೂ ಎದೆಗೂ ದೊಡ್ಡ ಉಪಕಾರ. ಆದರೆ ಹೊಗೆಯಿಲ್ಲದ ಮೇಲೆ ಗವಾಕ್ಷಿ ಯಾಕೆ ಎಂದು ಹೊಸ ಮನೆಗಳಲ್ಲಿ ಅದನ್ನು ಬಿಡುವುದನ್ನೇ ಮರೆತೆವು.

ಮಾಳಿಗೆಯನ್ನು ಕಾಯುವ ಅದೇ ಚೌಳು ಗೋಡೆಯ ಬುಡಕ್ಕೆ ಬಂದರೆ ಶತ್ರು. ಕಂಪ್ಲಿಯ ಕಡೆ ವಿಜಯನಗರದ ಅರಸರ ಕಾಲದ ಕಾಲುವೆಗಳಿದ್ದವು. 1953ರಿಂದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಬಂದವು. ಭತ್ತ ಬಂತು, ಅನ್ನ ಬಂತು. ಅದರ ಜೊತೆಗೇ ಎಷ್ಟೋ ಹೊಲಗಳು ಸವಳು ಜವಳಾದವು. ನೆಲದಡಿಯ ನೀರು ಮೇಲೆ ಬಂದ ಕಡೆ ಹಗೇವಿನಲ್ಲಿ ಜೋಳ ತುಂಬಿಡುವಂತಿಲ್ಲ. ತೇವ ಗೋಡೆಯನ್ನೂ ಬಿಡುವುದಿಲ್ಲ. ಉಪ್ಪನ್ನು ಕರಗಿಸಿಕೊಂಡು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೊಣಕಾಲೆತ್ತರ, ಸೊಂಟದೆತ್ತರ ಏರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿದು ಹರಳುಗಟ್ಟುತ್ತದೆ, ಹರಳು ಬೆಳೆದಂತೆ ಗಿಲಾವನ್ನು ಒಳಗಿನಿಂದ ನೂಕಿ ಉದುರಿಸುತ್ತದೆ. ಹಂಪಿಗೆ ಹೋದವರು ನೆಲಮಟ್ಟಕ್ಕಿಂತ ಕೆಳಗಿರುವ ಶಿವ ದೇವಾಲಯವನ್ನು ನೋಡಿರುತ್ತೀರಿ. ಗರ್ಭಗುಡಿಯ ಕಡೆ ಆಗಾಗ ನೀರು ನಿಂತಿರುತ್ತದೆ. ಕಲ್ಲಿನ ಗುಡಿ ಅದನ್ನು ತಡೆದುಕೊಳ್ಳುತ್ತದೆ. ಇಟ್ಟಿಗೆಯ ಮನೆ ತಡೆಯಲಾರದು.

ಹೀಗೆ ಉದುರಿದ ಕಡೆ ಮೇಸ್ತ್ರಿ ಸಿಮೆಂಟು ಮೆತ್ತಿ, ಮೇಲೆ ಎಣ್ಣೆಬಣ್ಣ ಹೊಡೆದು ಹೋಗುತ್ತಾನೆ. ಒಂದು ವರ್ಷ ಚೆನ್ನಾಗಿ ಕಾಣುತ್ತದೆ. ಒಳಗಿನ ನೀರಿಗೆ ಹೊರದಾರಿ ಮುಚ್ಚಿದ್ದರಿಂದ ಅದು ಇನ್ನೂ ಎರಡಡಿ ಮೇಲೆ ಹೋಗಿ ಅಲ್ಲಿ ಒಡೆದುಕೊಳ್ಳುತ್ತದೆ. ಹಳೆಯ ಕಲ್ಲು ಮಣ್ಣಿನ ಗೋಡೆಗೆ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಸರಿ. ನೀರು ಅದರ ಮೂಲಕ ಆರಿ ಹೋಗುತ್ತದೆ. ಯುಗಾದಿಗೋ ದೀಪಾವಳಿಗೋ ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಪದ್ಧತಿಯನ್ನು ಹಬ್ಬದ ಸಂಭ್ರಮವೆಂದಷ್ಟೇ ನೋಡಬಾರದು. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬದುಕುವುದಿಲ್ಲ. ಹೊಸ ಮನೆ ಕಟ್ಟುವವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಪಾಯದ ಮೇಲೆ ಗೋಡೆ ಏಳುವ ಮುನ್ನ ಮೇಸ್ತ್ರಿಗಳು ಡಿಪಿಸಿ ಎನ್ನುವ ತೇವ ತಡೆಯ ಪಟ್ಟಿ ಹಾಕಿಸಬೇಕು. ಆಗ ಬಿಟ್ಟರೆ ಮುಂದೆ ಹಾಕುವುದು ಬಲು ಕಷ್ಟ.

ಇದನ್ನೆಲ್ಲ ಗೋಡೆಯ ಅಂದಚಂದಕ್ಕಾಗಿ ಹೇಳುತ್ತಿಲ್ಲ. ತೇವವೂ ಬೂಷ್ಟೂ ಇರುವ ಮನೆಯಲ್ಲಿ ಕೆಮ್ಮು, ಉಬ್ಬಸ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಮಾರ್ಗಸೂಚಿಯನ್ನೇ ಹೊರತಂದಿದೆ. ಮೊದಲೇ ಧೂಳು ಕುಡಿಯುವ ನಮ್ಮ ಮಕ್ಕಳ ಎದೆಗೆ ಬೂಷ್ಟಿನ ಕಣವನ್ನೂ ಸೇರಿಸುವುದು ನ್ಯಾಯವಲ್ಲ.

ಇರುವ ಮನೆಯಲ್ಲೇ ಮಾಡಬಹುದಾದದ್ದು ಬಹಳವಿದೆ. ಒಲೆ ಹಚ್ಚಿದಾಗಲೂ ಸ್ನಾನ ಮುಗಿದ ಮೇಲೂ ಎದುರುಬದುರು ಕಿಟಕಿ ತೆರೆದು ಹತ್ತು ನಿಮಿಷ ಗಾಳಿಯಾಡಲು ಬಿಡಿ. ಧೂಳಿನ ಭಯವಿದ್ದರೆ ಲಾರಿಗಳ ಓಡಾಟ ಕಡಿಮೆಯಿರುವ ಹೊತ್ತು ನೋಡಿಕೊಳ್ಳಿ. ಕುದಿಯುವ ಪಾತ್ರೆಗೆ ಮುಚ್ಚಳ ಮುಚ್ಚಿ. ಬೀರು, ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗಿಡಿ. ಶೀಟಿನ ಕೆಳಗೆ ಬಿದಿರಿನ ತಟ್ಟಿಯನ್ನೋ ಥರ್ಮಾಕೋಲನ್ನೋ ಕಟ್ಟಿದರೆ ಹನಿ ತಗ್ಗುತ್ತದೆ, ಬೇಸಿಗೆಯ ಕಾವೂ ತಗ್ಗುತ್ತದೆ.

ಬಾಡಿಗೆಗೆಂದು ಸಾಲು ಕೋಣೆ ಕಟ್ಟಿಸುತ್ತಿರುವ ನಮ್ಮೂರಿನವರಲ್ಲಿ ನನ್ನದೊಂದು ಕೇಳಿಕೆ. ಒಂದೊಂದು ಕೋಣೆಗೂ ಶೀಟಿನ ಕೆಳಗೆ, ಎದುರುಬದುರು ಗೋಡೆಗಳಲ್ಲಿ, ಒಂದೊಂದು ಇಟ್ಟಿಗೆಯಷ್ಟು ಜಾಗ ಬಿಡಿಸಿ ಸೊಳ್ಳೆ ಜಾಲರಿ ಹೊಡೆಸಿ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಕಟ್ಟುವ ದಿನವೇ ಮೇಸ್ತ್ರಿಗೆ ಹೇಳಿಬಿಡಿ.